ಗಲಗಟ್ಟಿಗೊಬ್ಬ ನರ್ಸು: ಮುಂಬಯಿಯಲ್ಲಿ ನಾಲ್ಕು ದಿನ

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ವಿಜಾಪುರದಿಂದ ಹೊರಟೆ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಕನ್ನಡ ನಾಡು ಒಂದಾಗುವ ಮಾತು ಊರೂರಲ್ಲೂ ನಡೆದಿತ್ತು. ಆದರೆ ಊರಿಗೊಂದು ಬಾವಿ ಬೇಕೆಂದರೂ, ಶಾಲೆಗೊಂದು ಕರಿಹಲಗೆ ಬೇಕೆಂದರೂ ಸಮುದ್ರದ ದಂಡೆಗೇ ಹೋಗಿ ಕೇಳಬೇಕಾಗಿತ್ತು. ನಾನು ಹದಿನಾರು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದು, ಯಾವ ಪಕ್ಷದ ಹಂಗೂ ಇಲ್ಲದೆ ವಿಧಾನಸಭೆಗೆ ಆರಿಸಿ ಬಂದವನು. ಶಾಸಕನಾದ ಮೇಲೂ ಜನ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಅದರಿಂದ ನನಗೆ ಸಂತೋಷವೇ ಆಗುತ್ತಿತ್ತು.

ಚೀಲದಲ್ಲಿ ಮೂರು ದಿನಕ್ಕಾಗುವಷ್ಟು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎರಡು ಜೊತೆ ಖಾದಿ ಬಟ್ಟೆ. ಅವುಗಳ ನಡುವೆ ಧೋತರದಲ್ಲಿ ಸುತ್ತಿಟ್ಟ ಒಂದು ಫೋಟೋ. ಅದು ನಮ್ಮ ಗಲಗಟ್ಟಿಯ ದವಾಖಾನೆಯ ಫೋಟೋ. ಕೃಷ್ಣೆಯ ದಂಡೆಯ ಆ ಊರಿನವರು ಸರಕಾರದ ಒಂದು ಕಲ್ಲನ್ನೂ ಮುಟ್ಟದೆ, ತಮ್ಮದೇ ಗುಡ್ಡದ ಕಲ್ಲು ಒಡೆದು, ಮನೆಗೊಬ್ಬ ಆಳಿನಂತೆ ಸರತಿಯ ಮೇಲೆ ದುಡಿದು ಹತ್ತು ತಿಂಗಳಲ್ಲಿ ಕಟ್ಟಿ ನಿಲ್ಲಿಸಿದ ಕಟ್ಟಡ. ಊರ ಹೆಬ್ಬಾಗಿಲು ಅಗಸಿಯ ಪಕ್ಕದಲ್ಲಿ, ಹಿರಿಯರು ಕೂಡುವ ದೊಡ್ಡ ಕಟ್ಟೆಗೆ ಎದುರಾಗಿ, ಎರಡಾಳೆತ್ತರದ ಕಮಾನಿನ ಬಾಗಿಲು. ಫೋಟೋದಲ್ಲಿ ಆ ಕಟ್ಟೆಯ ಮೇಲೆ ನಲವತ್ತು ಜನ ರುಮಾಲು ಸುತ್ತಿಕೊಂಡು ಕೂತಿದ್ದಾರೆ, ನಡುವೆ ನಾನು. ಇದನ್ನು ಎಷ್ಟು ಜನಕ್ಕೆ ತೋರಿಸಿದ್ದೆನೋ ಲೆಕ್ಕವಿಲ್ಲ. ಬೇಡವೆಂದವರಿಗೂ ತೋರಿಸಿದ್ದೇನೆ.

ಆ ದವಾಖಾನೆಗೆ ಸರಕಾರ ಒಬ್ಬ ಹೆರಿಗೆ ನರ್ಸಿನ ಹುದ್ದೆ ಮಂಜೂರು ಮಾಡಿತ್ತು. ಎರಡು ವರ್ಷಗಳಲ್ಲಿ ಮೂವರು ಬಂದರು. ಒಬ್ಬಾಕೆ ತಿಂಗಳಿದ್ದಳು, ಇನ್ನೊಬ್ಬಾಕೆ ಹದಿನೈದು ದಿನ, ಮೂರನೆಯವಳು ಬಂದ ವಾರವೇ ಗಂಟು ಕಟ್ಟಿದಳು. ಪ್ಯಾಟಿ ಹುಡುಗಿಯರಿಗೆ ಹಳ್ಳಿ ಒಗ್ಗುವುದಿಲ್ಲ ಎಂದು ನಾವು ಮೂಗು ಮುರಿದೆವು. ಈಗ ಮುಂಗಡಪತ್ರ ಬಿಗಿಯಾಗಿತ್ತು. ಖಾಲಿ ಬಿದ್ದ ಹುದ್ದೆಗಳನ್ನೆಲ್ಲ ರದ್ದು ಮಾಡಬೇಕೆಂದು ಹಣಕಾಸಿನವರು, ಕೂಡದೆಂದು ಆರೋಗ್ಯದವರು. ಎರಡು ಖಾತೆಗಳ ನಡುವೆ ಕಡತ ಓಡಾಡುತ್ತಿತ್ತು, ಇತ್ಯರ್ಥವಾಗಿರಲಿಲ್ಲ. ಗಲಗಟ್ಟಿಯ ಹುದ್ದೆ ಒಮ್ಮೆ ಹೋದರೆ ಮತ್ತೆ ಹುಟ್ಟುವುದು ನನ್ನ ಆಯುಷ್ಯದಲ್ಲಿ ಸಾಧ್ಯವಿರಲಿಲ್ಲ. ಅದನ್ನು ಉಳಿಸಿಕೊಂಡು ಬರುತ್ತೇನೆಂದು ಅಗಸಿಯಲ್ಲಿ ಮಾತು ಕೊಟ್ಟು ಬಂದಿದ್ದೆ.

ಹೋಟಗಿಯಲ್ಲಿ ಸಣ್ಣ ಗಾಡಿ ಬಿಟ್ಟು ದೊಡ್ಡ ಗಾಡಿ ಹಿಡಿದೆ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಸೊಲ್ಲಾಪುರದ ನೇಕಾರರ ಗುಂಪೊಂದು ನನಗೆ ಕೂಡಲು ಜಾಗ ಮಾಡಿಕೊಟ್ಟು, ನನ್ನ ರೊಟ್ಟಿಯಲ್ಲಿ ಅರ್ಧ ಖಾಲಿ ಮಾಡಿತು. ಬೆಳಗಾಗುವಾಗ ಘಟ್ಟ ಇಳಿಯುತ್ತಿದ್ದೆವು. ಕಲ್ಯಾಣ ದಾಟಿದ ಮೇಲೆ ಗಾಳಿ ಬದಲಾಯಿತು. ಅಂಗಿ ಮೈಗೆ ಅಂಟಿಕೊಂಡಿತು. ದಾದರಿನಲ್ಲಿ ಇಳಿದು, ಟ್ರಾಮಿನಲ್ಲಿ ಕೋಟೆಯ ಕಡೆ ಹೋಗಿ, ಶಾಸಕರ ವಸತಿಯಲ್ಲಿ ಸ್ನಾನ ಮಾಡಿ, ಹನ್ನೊಂದಕ್ಕೆಲ್ಲ ಸಭೆಯಲ್ಲಿದ್ದೆ.

ಆ ಸಭೆಯ ವಿಷಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಮರಾಠಿ, ಗುಜರಾತಿ, ಇಂಗ್ಲಿಷುಗಳ ನಡುವೆ ನಮ್ಮಂಥವರು ಎದ್ದು ಕನ್ನಡದಲ್ಲಿ ಮಾತಾಡಿದರೆ, ಕೆಳಗೆ ಮೇಜಿನ ಹತ್ತಿರ ಒಬ್ಬ ಕನ್ನಡದ ವರದಿಗಾರ ತಲೆ ಬಗ್ಗಿಸಿ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದ. ಹಳ್ಳಿಯ ಮಾಸ್ತರನೊಬ್ಬ ತನ್ನ ತಾಯಿಯ ಮಾತಿನಲ್ಲಿ ಮಂತ್ರಿಯನ್ನು ಪ್ರಶ್ನೆ ಕೇಳಬಹುದು, ಆ ಪ್ರಶ್ನೆ ಅಚ್ಚಾಗಿ ಉಳಿಯುತ್ತದೆ. ಪ್ರತಿ ಸಲ ಎದ್ದು ನಿಂತಾಗ ನನ್ನ ಎದೆ ಉಬ್ಬುತ್ತಿತ್ತು. ಇಂದಿಗೂ ನೆನೆದರೆ ಉಬ್ಬುತ್ತದೆ.

ನಾನು ಆರೋಗ್ಯ ಖಾತೆಯ ಖರ್ಚಿನ ಬೇಡಿಕೆಯ ಮೇಲೆ ಒಂದು ರೂಪಾಯಿಯ ಕಡಿತ ಸೂಚನೆ ಕೊಟ್ಟಿದ್ದೆ. ಲಕ್ಷಗಟ್ಟಲೆಯ ಬೇಡಿಕೆಯಲ್ಲಿ ಒಂದು ರೂಪಾಯಿ ಕಡಿಮೆ ಮಾಡಿ ಎಂದು ಕೇಳುವುದು, ಆ ನೆಪದಲ್ಲಿ ನಮ್ಮ ದೂರು ಹೇಳಿಕೊಳ್ಳುವುದು ಸಭೆಯ ಪದ್ಧತಿ. ಇದನ್ನು ಪತ್ರಿಕೆಯಲ್ಲಿ ಓದಿದ ನಮ್ಮೂರಿನವರು, "ಕೇಳಾಕ ಕಳಿಸಿದ್ರ ಕಡಿಮಿ ಮಾಡ್ರಿ ಅಂತ ಕೇಳ್ಯಾನಲ್ಲೋ ಈ ಮಾಸ್ತರ!" ಎಂದು ವಾರವಿಡೀ ಬೈದಿದ್ದರು. ಚರ್ಚೆ ಶುಕ್ರವಾರ. ಅಂದು ಸಂಜೆ ಐದಕ್ಕೆ ಗಂಟೆ ಬಾರಿಸಿದರೆ ಮುಗಿಯಿತು. ಮಾತಾಡಿದ್ದಾಗಲಿ ಬಿಟ್ಟಿದ್ದಾಗಲಿ, ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಿದ್ದರು.

ಮಧ್ಯಾಹ್ನ ಸಂಬಂಧಪಟ್ಟ ಉಪಕಾರ್ಯದರ್ಶಿಯನ್ನು ಕಂಡೆ. ನನ್ನ ಫೋಟೋವನ್ನು ತಾಳ್ಮೆಯಿಂದ ನೋಡಿದ ದೊಡ್ಡ ಮನುಷ್ಯ ಅವರು. ಮರಾಠಿಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಭಾಷಣದಿಂದ ಹುದ್ದೆ ಉಳಿಯುವುದಿಲ್ಲ, ಶುಕ್ರವಾರ ಐದರೊಳಗೆ ಅರ್ಹತೆಯಿದ್ದ ಒಬ್ಬ ನರ್ಸಿನ ಒಪ್ಪಿಗೆಯನ್ನು ಸಹಿ ಸಮೇತ ತಂದುಕೊಡಿ, ಹುದ್ದೆ ಖಾಲಿಯಿಲ್ಲವೆಂದು ನಾನು ಬರೆಯುತ್ತೇನೆ. ಮೂರು ದಿನದಲ್ಲಿ ನಾನೆಲ್ಲಿಂದ ನರ್ಸನ್ನು ಹುಟ್ಟಿಸಲಿ ಎಂದುಕೊಳ್ಳುತ್ತ ಹೊರಗೆ ಬಂದೆ.

ಇಂಥ ಹೊತ್ತಿನಲ್ಲಿ ಮುಂಬಯಿಯ ಕನ್ನಡಿಗ ಹೋಗುವುದು ಮಾಟುಂಗಕ್ಕೆ. ಲೋಕಲ್ ಹತ್ತಿ ಆರು ಗಂಟೆಗೆ ಅಲ್ಲಿ ಇಳಿದೆ. ಸ್ಟೇಶನ್ನಿನ ಹತ್ತಿರ ವಾಸುದೇವ ರಾಯರ ಹೋಟೆಲು. ರಾಯರು ಉಡುಪಿಯ ಕಡೆಯವರು, ಹದಿಮೂರನೆಯ ವಯಸ್ಸಿಗೆ ಲೋಟ ತೊಳೆಯಲು ಬಂದು ಈಗ ಹಣದ ಗಲ್ಲೆಯಲ್ಲಿ ಕೂತವರು. ಅಧಿವೇಶನಕ್ಕೆ ಬಂದಾಗಲೆಲ್ಲ ನನ್ನ ರಾತ್ರಿಯೂಟ ಅಲ್ಲೇ. ಮೂರಾಣೆಯ ಮಸಾಲೆ ದೋಸೆ, ಎರಡಾಣೆಯ ಕಾಫಿ ಮುಗಿಸಿ ನನ್ನ ಕಷ್ಟ ಹೇಳಿಕೊಂಡು ಫೋಟೋ ಬಿಚ್ಚಿದೆ.

"ಫೋಟೋ ನಾನು ಹೋದ ಸಲವೇ ನೋಡಿದ್ದೇನೆ ಮಾರಾಯ್ರೆ, ಒಳಗಿಡಿ," ಎಂದರು ರಾಯರು. "ನರ್ಸು ಅಲ್ವ ನಿಮಗೆ ಬೇಕಾದ್ದು? ಪರೇಲಿನ ಆಸ್ಪತ್ರೆಯಲ್ಲಿ ನಿಮ್ಮ ಕಡೆಯದ್ದೇ ಒಂದು ಹುಡುಗಿ ಉಂಟು. ಶಾಂತಾ ಅಂತ. ನನ್ನ ಹೆಂಡತಿಯ ಕೊನೇ ಬಾಣಂತನ ಅವಳೇ ಮಾಡಿದ್ದು. ಕೈಗುಣ ಒಳ್ಳೇದು, ಬಾಯಿ ಮಾತ್ರ ಸ್ವಲ್ಪ ಜೋರು. ನೀವು ಶಾಸಕರು ಅಂತ ಹೆದರುವ ಜಾತಿ ಅಲ್ಲ ಅದು."

ಬುಧವಾರ ಮಧ್ಯಾಹ್ನ ಎರಡಕ್ಕೆ ಪರೇಲಿನಲ್ಲಿದ್ದೆ. ಗಿರಣಿಗಳ ಭೋಂಗಾ ಕೂಗಿ, ಒಂದು ಪಾಳಿಯವರು ಹೊರಬಂದು ಇನ್ನೊಂದು ಪಾಳಿಯವರು ಒಳಹೋಗುವ ಹೊತ್ತು. ರಸ್ತೆ ತುಂಬ ಜನ, ತಲೆಗೂದಲಲ್ಲಿ ಹತ್ತಿಯ ಎಳೆ. ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದ ನನ್ನ ಮುಂದೆ ಇಪ್ಪತ್ತನಾಲ್ಕರ ಆಸುಪಾಸಿನ, ಕಪ್ಪಗೆ ಎತ್ತರವಾಗಿದ್ದ ಹುಡುಗಿಯೊಬ್ಬಳು ಬಂದು ನಿಂತಳು. ರಾಯರು ಹೇಳಿಕಳಿಸಿದ್ದರು.

"ಡ್ಯೂಟಿ ಖತಂ ಆಗೇತ್ರಿ. ಇಪ್ಪತ್ತು ಮಿನಿಟ್ ಅದ. ಮತ್ತ ಲೋಕಲ್ ತಪ್ತದ," ಎಂದಳು.

ನಾನು ಸಭೆಗೆಂದು ಸಿದ್ಧಪಡಿಸಿದ್ದ ಭಾಷಣದ ಮೊದಲ ಭಾಗವನ್ನೇ ಅವಳಿಗೆ ಹೇಳಿದೆ. ಊರವರ ಶ್ರಮ, ಗುಡ್ಡದ ಕಲ್ಲು, ಹತ್ತು ತಿಂಗಳು. ಮುಗಿಸಿ ಫೋಟೋ ಕೈಗಿತ್ತೆ. ಅವಳು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಮಾನು ಮೆಚ್ಚುತ್ತಿದ್ದಾಳೆಂದು ನಾನು ತಿಳಿದೆ.

"ಇವರೆಲ್ಲಾ ಯಾರ್ರೀ, ಮುಂದ ಕುಂತವರು?"

"ಊರ ಹಿರ್ಯಾರವಾ. ಅದು ನಮ್ಮ ಅಗಸಿ ಕಟ್ಟಿ."

"ಫೋಟೋ ತಗ್ಯಾಕ ಕುಂತಾರೋ, ದಿನಾ ಕುಂದರ್ತಾರೋ?"

"ದಿನಾ. ಮುಂಜಾನಿ ಬಿಸಲೇರೂ ತನಕ, ಮತ್ತ ಇಳಿಹೊತ್ತಿನಿಂದ ದೀಪ ಹಚ್ಚೂ ತನಕ."

"ಒಳಗ ಹೋಗಾಕ ಬ್ಯಾರೆ ದಾರಿ?"

"ಯಾಕಬೇಕು? ಇದೇ ಅಷ್ಟು ದೊಡ್ಡದೈತಲ್ಲ."

ಅವಳು ಫೋಟೋವನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಮಾಸ್ತರ, ಹೆರಿಗಿ ಬ್ಯಾನಿ ತಿನ್ನೂ ಹೆಣ್ಮಗಳು ಮಾವ, ಭಾವ, ಊರ ಗೌಡ, ಇಷ್ಟು ಮಂದಿ ಗಂಡಸರ ಮುಂದ ಹಾದು ಹ್ಯಾಂಗ ಒಳಗ ಹೋಗ್ಬೇಕ್ರೀ? ಜೀವ ಹೋದ್ರೂ ಹೋಗೂದಿಲ್ಲ ಅಕಿ. ಎರಡು ವರ್ಸದಾಗ ಎಷ್ಟು ಹೆರಿಗಿ ಆಗ್ಯಾವ ಅಲ್ಲಿ?"

ಒಂದೂ ಆಗಿರಲಿಲ್ಲ. ಹೆಂಗಸರು ಹಿಂದಿನಂತೆ ಮನೆಯ ಕತ್ತಲೆ ಕೋಣೆಯಲ್ಲೇ ಹೆರುತ್ತಿದ್ದರು, ಕೆಲವರು ಅಲ್ಲೇ ಸಾಯುತ್ತಿದ್ದರು. ನಾವು ಕೆಲಸವಿಲ್ಲದೆ ಹೊರಟ ನರ್ಸುಗಳನ್ನು ಬೈದೆವು, ನಮ್ಮ ಹೆಂಗಸರ ಅಜ್ಞಾನವನ್ನು ಬೈದೆವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು. ಗೌರವದ ಜಾಗ ಎಂದು ಊರಿಗೆ ಊರೇ ಸೇರಿ ಆರಿಸಿದ ಜಾಗವದು. ಆರಿಸುವಾಗ ಕೂಡಿದವರೂ ಅದೇ ಕಟ್ಟೆಯ ಮೇಲಿನವರೇ. ನಲವತ್ತು ಜನರ ಆ ಫೋಟೋದಲ್ಲಿ ಒಬ್ಬ ಹೆಂಗಸೂ ಇಲ್ಲವೆಂಬುದು ಅಷ್ಟು ದಿನ ಅದನ್ನು ಹೊತ್ತು ತಿರುಗಿದ ನನಗೆ ಆಗ ಕಂಡಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಹಿಂದ ಏನೈತ್ರಿ?" ಎಂದು ಅವಳೇ ಕೇಳಿದಳು.

"ಹೊಳಿಗೆ ಹೋಗೂ ಓಣಿ. ಹೆಣ್ಮಕ್ಕಳು ನೀರಿಗೆ ಹೋಗೂ ದಾರಿ."

"ಹಂಗಾದ್ರ ಆ ಕಡೆ ಗ್ವಾಡಿ ಒಡೀರಿ. ಬಾಗಲಾ ಮಾಡ್ರಿ. ನನಗೊಂದು ಒಳಗಿಂದ ಚಿಲಕಾ ಹಾಕೂ ಖೋಲಿ, ಒಂದು ಬಚ್ಚಲಾ. ಆಮ್ಯಾಲ ಬರೂ ವಿಚಾರ ಮಾಡ್ತೀನಿ."

"ಮಾಡಸ್ತೀನವಾ, ನನ್ನ ಮಾತು."

"ನಿಮ್ಮ ಮಾತು ಬ್ಯಾಡ್ರಿ. ಊರ ಮಾತು ಬೇಕು. ಊರವರು ಹೂಂ ಅಂದ್ರ ಸಹಿ. ಮತ್ತ ನಾಳೆ ಸಂಜೀಕ ಕುರ್ಲಾಕ್ಕ ಬಂದು ನಮ್ಮಪ್ಪನ್ನ ಕಾಣ್ರಿ."

ಅವಳು ಸ್ಟೇಶನ್ನಿನ ಮೆಟ್ಟಿಲು ಹತ್ತಿ ಹೋದಳು. ನಾನು ನೇರವಾಗಿ ತಂತಿ ಆಫೀಸಿಗೆ ನಡೆದು, ಗಲಗಟ್ಟಿಯ ಹಿರಿಯ ಬಸನಗೌಡರಿಗೆ ಅರ್ಜಂಟ್ ತಂತಿ ಕೊಟ್ಟೆ. ಉತ್ತರದ ಹಣವನ್ನೂ ಇಲ್ಲೇ ಕಟ್ಟಿ, ರಾಯರ ಹೋಟೆಲಿನ ವಿಳಾಸ ಬರೆದೆ. ದವಾಖಾನೆಯ ಹಿಂದಿನ ಗೋಡೆ ಒಡೆದು ಹೆಂಗಸರಿಗೆ ಬಾಗಿಲು ಮಾಡಲು ಒಪ್ಪಿಗೆಯೇ, ನರ್ಸಿಗೆ ಕೋಣೆ, ಬಚ್ಚಲು ಕೊಡುವಿರಾ, ಶುಕ್ರವಾರದೊಳಗೆ ತಿಳಿಸಿ ಎಂದು. ಆ ಗೋಡೆಯ ಒಂದೊಂದು ಕಲ್ಲಿಗೂ ಒಂದೊಂದು ಮನೆತನದ ಹೆಸರಿದೆ. ನಮ್ಮಪ್ಪ ಇಟ್ಟ ಕಲ್ಲು, ನಿಮ್ಮಜ್ಜ ಹೊತ್ತ ಕಲ್ಲು ಎಂದು ತೋರಿಸುತ್ತಾರೆ. ಅದನ್ನು ಒಡೆಯಿರಿ ಎಂದು, ಅದೂ ಯಾರೋ ಕಾಣದ ಹುಡುಗಿಯ ಮಾತಿಗೆ, ಹೇಳಿಕಳಿಸಿದ್ದೆ.

ಗುರುವಾರ ಸಂಜೆ ಕುರ್ಲಾ. ಲೋಕಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗಿ, ಇಳಿಯುವಾಗ ಚಪ್ಪಲಿಯ ಉಂಗುಟ ಹರಿದುಕೊಂಡೆ. ಶಾಂತಾಳ ಚಾಳು ಸ್ಟೇಶನ್ನಿನಿಂದ ಕಾಲು ಗಂಟೆಯ ದಾರಿ. ಅಂಗಳದಲ್ಲಿ ಒಂದೇ ನಲ್ಲಿ, ಅದರ ಸುತ್ತ ನಾಲ್ಕೈದು ಭಾಷೆಯಲ್ಲಿ ಜಗಳ. "ಶಾಂತಾ ಸಿಸ್ಟರ್" ಎಂದೊಡನೆ ಜಗಳ ನಿಂತು, ಮೂರು ಕೈಗಳು ಮೇಲಿನ ಖೋಲಿಯನ್ನು ತೋರಿಸಿದವು.

ಅವಳ ತಂದೆ ಭೀಮಪ್ಪ ಪರೇಲಿನ ಗಿರಣಿಯೊಂದರಲ್ಲಿ ಮಗ್ಗ ನಡೆಸುವವನು. ಮೂವತ್ತು ವರ್ಷದ ಹಿಂದೆ ನಮ್ಮ ಕಡೆಯಿಂದಲೇ ಬಂದವನು. ಹತ್ತಡಿಯ ಖೋಲಿಯಲ್ಲಿ ದೇವರ ಪಟಗಳ ಸಾಲಿನಲ್ಲೇ, ಅದೇ ಎತ್ತರಕ್ಕೆ, ಮಗಳ ಹೆರಿಗೆ ಪರೀಕ್ಷೆಯ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿ ತೂಗುಹಾಕಿದ್ದ. ಅದಕ್ಕೂ ಅಂದಿನ ಹೂವು ಏರಿಸಿದ್ದ.

"ಗಿರಣಿಯಾಗ ಕಿವಿ ಹೋಗ್ಯಾವ್ರಿ, ಜೋರ ಮಾತಾಡ್ರಿ," ಎಂದ. ನಾನು ಜೋರಾಗಿಯೇ ಹೇಳಿದೆ. ಚಾಳಿನ ಅರ್ಧ ಜನ ಬಾಗಿಲಲ್ಲಿ ನಿಂತು ಕೇಳಿದರು. ಮುಗಿದ ಮೇಲೆ ಭೀಮಪ್ಪ ಮೀಸೆ ಸವರಿಕೊಂಡ.

"ಅಕೀಗೆ ಇಲ್ಲಿ ಪರ್ಮನೆಂಟ್ ನೌಕರಿ ಐತಿ. ಮುಂದ ಕ್ವಾರ್ಟರ್ಸ್ ಸಿಗ್ತೈತಿ. ಅದನ್ನ ಬಿಟ್ಟು ನಿಮ್ಮ ಹಳ್ಳಿಗೆ ಯಾಕ ಬರಬೇಕು?"

ಮೂಲೆಯಲ್ಲಿ ಕೂತಿದ್ದ ಶಾಂತಾಳೇ ಹೇಳಿದಳು: "ಅಪ್ಪಾ, ಪರೇಲ್‌ದಾಗ ನಾನಿಲ್ಲಂದ್ರ ಇನ್ನ ಹತ್ತು ಮಂದಿ ನರ್ಸ್ ಅದಾರ. ಅಲ್ಲಿ ನಾನಿಲ್ಲಂದ್ರ ಯಾರೂ ಇಲ್ಲ. ಕಲ್ತದ್ದು ಯಾತಕ್ಕ ಮತ್ತ?"

ಭೀಮಪ್ಪ ಗಿರಣಿ ಕಾಮಗಾರನ ಬುದ್ಧಿ ತೋರಿಸಿದ. "ಹೋಗೂದು ಬಿಡೂದು ಅಕೀ ಖುಷಿ. ಆದ್ರ ಬಾಯಿ ಮಾತಿನ ಮ್ಯಾಲ ನಾವು ಮಗ್ಗ ಸುರು ಮಾಡೂದಿಲ್ರಿ, ಮಾಸ್ತರ. ಮಾಲಕರ ಕೂಡ ಮೂವತ್ತು ವರ್ಸ ಬಡದಾಡಿ ಕಲ್ತದ್ದು ಇದೊಂದ. ಬರೀರಿ."

ಹಾಗೆ, ವಿಧಾನಸಭೆಯ ಸದಸ್ಯನಾದ ನಾನು ಕುರ್ಲಾದ ಚಾಳಿನಲ್ಲಿ ಚಾಪೆಯ ಮೇಲೆ ಕೂತು ಅವನು ಹೇಳಿದಂತೆ ಕರಾರು ಬರೆದೆ. ಚಿಲಕದ ಕೋಣೆ, ಬಚ್ಚಲು, ವರ್ಷಕ್ಕೆ ಎರಡು ಸಲ ಮುಂಬಯಿಗೆ ಬರಲು ರಜೆ, ಹಿಂದಿನ ಓಣಿಗೆ ಬಾಗಿಲು. ಸರಕಾರದ ಎರಡು ಖಾತೆಗಳು ತಿಂಗಳುಗಟ್ಟಲೆ ಮಾಡಿಯೂ ಮುಗಿಸದ ಮಾತುಕತೆಯನ್ನು ಕಂಡಿದ್ದ ನನಗೆ, ಮುಕ್ಕಾಲು ಗಂಟೆಯಲ್ಲಿ ಮುಗಿದ ಈ ಮಾತುಕತೆ ಬಹಳ ಹಿಡಿಸಿತು. ಭೀಮಪ್ಪನಂಥ ನಾಲ್ಕು ಜನ ಸಚಿವಾಲಯದಲ್ಲಿದ್ದರೆ ಎಂದುಕೊಂಡೆ. ಕಾಗದವನ್ನು ಶಾಂತಾ ತನ್ನ ಹತ್ತಿರವೇ ಇಟ್ಟುಕೊಂಡಳು. ಊರ ಉತ್ತರ ಬಂದರೆ ಸಹಿ, ಇಲ್ಲದಿದ್ದರೆ ಇಲ್ಲ.

ಹಿಂದಿರುಗುವಾಗ ಮಾಟುಂಗದಲ್ಲಿ ಇಳಿದೆ. ತಂತಿ ಬಂದಿರಲಿಲ್ಲ. ಶುಕ್ರವಾರ ಬೆಳಿಗ್ಗೆಯೂ ಬಂದಿರಲಿಲ್ಲ. "ನೀವು ಸಭೆಗೆ ಹೋಗಿ, ಬಂದರೆ ನಾನು ನೋಡಿಕೊಳ್ತೇನೆ," ಎಂದರು ರಾಯರು.

ಸಭೆಯಲ್ಲಿ ನನ್ನ ಸರದಿ ಬಂದದ್ದು ನಾಲ್ಕಕ್ಕೆ. ಬರೆದುಕೊಂಡು ಬಂದಿದ್ದ ಭಾಷಣದಲ್ಲಿ ಊರಿನ ಹೊಗಳಿಕೆ ಅರ್ಧ, ಸರಕಾರದ ಬೈಗುಳ ಅರ್ಧ ಇತ್ತು. ಅದನ್ನು ಜೇಬಿನಲ್ಲೇ ಇಟ್ಟೆ. ನಮ್ಮ ದವಾಖಾನೆ ಖಾಲಿ ಬಿದ್ದದ್ದಕ್ಕೆ ಸರಕಾರ ಕಾರಣವಲ್ಲ, ಬಂದ ನರ್ಸುಗಳೂ ಕಾರಣರಲ್ಲ, ಗಂಡಸರ ಎದುರಿಗೆ ಬಾಗಿಲಿಟ್ಟ ನಾವು ಕಾರಣ ಎಂದು ಹೇಳಿದೆ. ಸಭೆಯಲ್ಲಿ ತನ್ನ ತಪ್ಪು ಹೇಳಿಕೊಳ್ಳುವವರು ಕಡಿಮೆ. ಗದ್ದಲ ನಿಂತಿತು. ಎದುರು ಬೆಂಚಿನ ಗುಜರಾತಿ ಸದಸ್ಯರೊಬ್ಬರು ಪಕ್ಕದವರಿಂದ ಅರ್ಥ ಕೇಳಿ ತಿಳಿದು, ತಲೆ ಕೆರೆದುಕೊಂಡರು. ಅವರ ಊರಲ್ಲಿ ಬಾಗಿಲು ಯಾವ ಕಡೆಗಿತ್ತೋ. ಹುದ್ದೆ ತೆಗೆಯುವ ಮೊದಲು ಅದು ಯಾಕೆ ಖಾಲಿಯಿದೆಯೆಂದು ಒಮ್ಮೆ ಕೇಳಿ, ಖಾಲಿ ಕುರ್ಚಿಗೆಲ್ಲ ಒಂದೇ ಕಾರಣ ಇರುವುದಿಲ್ಲ ಎಂದು ಹೇಳಿ ಕೂತೆ. ಕನ್ನಡದ ವರದಿಗಾರ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.

ನಾಲ್ಕೂವರೆಯಾಯಿತು. ನಾಲ್ಕು ನಲವತ್ತು. ಅಧಿಕಾರಿಗಳ ಗ್ಯಾಲರಿಯಿಂದ ಉಪಕಾರ್ಯದರ್ಶಿ ನನ್ನ ಕಡೆ ನೋಡಿದರು; ನಾನು ಇಲ್ಲವೆಂದು ತಲೆಯಾಡಿಸಿದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಚಪರಾಸಿ ಬಂದು ಕಿವಿಯಲ್ಲಿ, ಹೊರಗೆ ಯಾರೋ ಹೋಟೆಲಿನವರು ಬಂದಿದ್ದಾರೆ ಎಂದ. ಓಡಿದೆ. ಮೆಟ್ಟಿಲ ಮೇಲೆ ವಾಸುದೇವ ರಾಯರು, ಪಂಚೆ ಮೇಲೆ ಕಟ್ಟಿಕೊಂಡು, ಬೆವರಿನಲ್ಲಿ ತೊಯ್ದು ನಿಂತಿದ್ದರು. ಶುಕ್ರವಾರ ಸಂಜೆಯ ವ್ಯಾಪಾರದ ಹೊತ್ತಿನಲ್ಲಿ ಆ ಮನುಷ್ಯ ಗಲ್ಲೆ ಬಿಟ್ಟು ಎದ್ದದ್ದನ್ನು ಯಾರೂ ಕಂಡಿರಲಿಲ್ಲವಂತೆ.

"ತಂತಿ ಮೂರೂವರೆಗೆ ಬಂತು. ಟ್ಯಾಕ್ಸಿ ಮಾಡಿ ಪರೇಲಿಗೆ ಹೋದೆ, ಹುಡುಗಿಗೆ ಇವತ್ತು ಸಂಜೆಯ ಪಾಳಿ, ವಾರ್ಡಿನಲ್ಲಿ ನಿಂತೇ ಸಹಿ ಹಾಕಿದ್ಳು. ತಗೊಳ್ಳಿ, ತಗೊಳ್ಳಿ!"

ಕರಾರಿನ ಕೆಳಗೆ ಶಾಂತಾಳ ಸಹಿ, ಮಸಿ ಇನ್ನೂ ಅಲ್ಲಲ್ಲಿ ಹರಡಿತ್ತು. ಜೊತೆಗೆ ತಂತಿ. ಒಪ್ಪಿಗೆಯೋ ಅಲ್ಲವೋ ಎಂದು ನಾನು ಕೇಳಿದ್ದೆ. ಅವರು ಅದಕ್ಕೆ ಉತ್ತರವನ್ನೇ ಬರೆದಿರಲಿಲ್ಲ. ಗೋಡೆ ಒಡೆದಾಯಿತು, ಕೋಣೆ ಬಚ್ಚಲು ಕೊಟ್ಟೆವು, ನರ್ಸನ್ನು ಕಳಿಸಿ, ಎಂದಷ್ಟೇ ಇತ್ತು. ಅದನ್ನು ಓದಿ ಮೆಟ್ಟಿಲ ಮೇಲೆ ಎಲ್ಲರೆದುರು ನನಗೆ ಕಣ್ಣೀರು ಬಂತು. ನನ್ನ ಜನ! ರಾಯರ ಎರಡೂ ಕೈ ಹಿಡಿದುಕೊಂಡೆ.

ಕಾಗದ ಚಪರಾಸಿಯ ಕೈಯಿಂದ ಗ್ಯಾಲರಿಗೆ ಹೋಯಿತು. ಉಪಕಾರ್ಯದರ್ಶಿ ಓದಿ, ಕನ್ನಡಕ ತೆಗೆದು, ನನ್ನತ್ತ ತಲೆ ಬಾಗಿಸಿದರು. ಐದರ ಗಂಟೆ ಬಾರಿಸಿತು. ನನ್ನ ಒಂದು ರೂಪಾಯಿಯನ್ನು ಸರಕಾರಕ್ಕೇ ಬಿಟ್ಟು ಸೂಚನೆಯನ್ನು ಹಿಂತೆಗೆದುಕೊಂಡೆ. ಉಳಿದ ಊರುಗಳ ಖಾಲಿ ಹುದ್ದೆಗಳ ಜಗಳ ಮಾತ್ರ ಅಧಿವೇಶನ ಮುಗಿದರೂ ತೀರಲಿಲ್ಲ. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಆ ಊರುಗಳಿಗೂ ಒಬ್ಬೊಬ್ಬ ಶಾಂತಾ ಬೇಕಿತ್ತು.

ನೇಮಕದ ಹುಕುಂ ಬಂದ ಮೇಲೆ, ಅಧಿವೇಶನ ಮುಗಿಸಿ, ಅವಳೊಂದಿಗೇ ಊರಿಗೆ ಹೊರಟೆ. ದಾದರಿನಲ್ಲಿ ಭೀಮಪ್ಪ ಮಗಳ ಟ್ರಂಕನ್ನು ತಾನೇ ಹೊತ್ತು ತಂದು ಹೆಂಗಸರ ಡಬ್ಬಿಯಲ್ಲಿಟ್ಟ. ಗಾಡಿ ಹೊರಟಾಗ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ.

ಮರುದಿನ ಮಧ್ಯಾಹ್ನ, ವಿಜಾಪುರದಿಂದ ಬಸ್ಸು, ಅಲ್ಲಿಂದ ಚಕ್ಕಡಿ. ದಾರಿಯಲ್ಲಿ ಚಕ್ಕಡಿ ಹೊಡೆಯುವವನು ನಡೆದದ್ದನ್ನು ಹೇಳಿದ. ತಂತಿ ಬಂದಾಗ ಹಿರಿಯರು ಕಟ್ಟೆಯ ಮೇಲೆ ಕೂತು ಚರ್ಚೆ ಸುರು ಮಾಡಿದರಂತೆ: ಯಾರ ಮನೆತನದ ಕಲ್ಲು ಮೊದಲು ತೆಗೆಯುವುದು, ಒಡೆದರೆ ಊರ ಮರ್ಯಾದೆ ಏನಾಗುತ್ತದೆ. ಸುದ್ದಿ ಹೊಳೆಯ ಓಣಿಗೆ ಹೋಯಿತು. ಬಸನಗೌಡರ ತಾಯಿ ನೀಲವ್ವ, ಎಂಬತ್ತರ ಮುದುಕಿ, ಮನೆಯ ಹಾರೆಯನ್ನು ಸೊಸೆಯ ಕೈಗೆ ಕೊಟ್ಟು ನಡೆದಳು. ಕಟ್ಟೆಯ ಮೇಲೆ ಇನ್ನೂ ಮಾತು ನಡೆದಿರುವಾಗಲೇ ಹಿಂದಿನಿಂದ ಕಲ್ಲು ಬೀಳುವ ಸಪ್ಪಳ ಕೇಳಿತಂತೆ.

ಅಗಸಿಯಲ್ಲಿ ಹಲಗೆ ವಾದ್ಯ, ಹಾರ, ಬಸನಗೌಡರ ಸ್ವಾಗತ ಎಲ್ಲ ಸಿದ್ಧವಿತ್ತು. ಶಾಂತಾ ಎಲ್ಲರಿಗೂ ಕೈ ಮುಗಿದು, ಹಾರವನ್ನು ನನ್ನ ಕೈಗಿತ್ತು, "ಹೊಳಿ ಓಣಿ ಯಾಕಡೆರಿ?" ಎಂದು ಕೇಳಿ ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿದೆ. ಓಣಿಯ ತುಂಬ ಹೆಂಗಸರು ಗೋಡೆಗೊರಗಿ ನಿಂತಿದ್ದರು, ತುಂಬಿದ ಬಸುರಿಯರೇ ಹತ್ತೆಂಟು ಜನ. ಶಾಂತಾ ಹೊಸ ಬಾಗಿಲು ದಾಟಿ ಒಳಗೆ ಹೋದಳು. ಅವಳ ಹಿಂದೆ ನಾನೂ ಕಾಲಿಡುವಷ್ಟರಲ್ಲಿ ನೀಲವ್ವ ಹೊಸ್ತಿಲ ಮೇಲೆ ಬಂದು ಅಡ್ಡ ನಿಂತಳು.

"ನೀ ಎಲ್ಲಿಗೋ?"

"ಯವ್ವಾ, ನಾ ಮಾಸ್ತರ. ಈ ನರ್ಸಬಾಯೀನ್ನ ತಂದಾವ ನಾನ."

"ತಂದ್ಯಲಾ, ಬಾಳ ಚಲೋ ಆತು," ಎಂದಳು ನೀಲವ್ವ, "ಈಗ ಮುಂದಿನ ಕಟ್ಟಿಗೆ ಹೋಗಿ ಕುಂದ್ರು."

ಹೋಗಿ ಕೂತೆ. ಚುನಾವಣೆ ಗೆದ್ದ ದಿನ ನನ್ನನ್ನು ಇದೇ ಕಟ್ಟೆಯಿಂದ ಹೆಗಲ ಮೇಲೆ ಹೊತ್ತು ಮೆರೆಸಿದ್ದರು. ಅಂದು ಕೂಡ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ.